ಬಾವಿಯ ತಳದ ಹದಿನೇಳು ಚಿತ್ರಗಳು

ನಾನು ಅಫಜಲಪುರದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವವಳು. ಹತ್ತೊಂಬತ್ತು ವರ್ಷಗಳಿಂದ ಅದೇ ಸ್ಟೂಲು, ಅದೇ ಸೂಕ್ಷ್ಮದರ್ಶಕ. ನಮ್ಮಲ್ಲಿಂದ ಸಮುದ್ರಕ್ಕೆ ಹೋಗಬೇಕೆಂದರೆ ಇಡೀ ಒಂದು ದಿನದ ಪ್ರಯಾಣ. ಆದರೂ ನಮ್ಮ ಮನೆಯ ಕಪಾಟಿನಲ್ಲಿ, ಕೌದಿಗಳ ಪಕ್ಕದಲ್ಲಿ, ನೀರಿನಡಿ ಉಸಿರಾಡಲು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರ್ ಒಂದಿದೆ. ಬಂದವರು ಅದನ್ನು ಆಕ್ಸಿಜನ್ ಎಂದುಕೊಂಡು, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ದನಿ ಇಳಿಸಿ ಕೇಳುತ್ತಾರೆ.

ಈ ಹುಚ್ಚು ನನಗೊಬ್ಬಳಿಗೇ ಹಿಡಿದದ್ದಲ್ಲ. ಆಳಂದದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನನ್ನ ಗೆಳತಿಗೂ ಹಿಡಿದಿದೆ. ಕಲಬುರಗಿಯಲ್ಲಿ ಓದುವಾಗ ನಾವು ಮೂರು ವರ್ಷ ಒಂದೇ ಹಾಸ್ಟೆಲ್ ಕೋಣೆಯಲ್ಲಿದ್ದೆವು. ಅವಳದು ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಸಿಟ್ಟು ಬಂದಾಗ ಎರಡೂ. ಕೆಲವು ವರ್ಷಗಳ ಹಿಂದೆ ಎರಡೂ ಮನೆಯವರು ಕೂಡಿ ಮುರ್ಡೇಶ್ವರಕ್ಕೆ ಹೋಗಿದ್ದೆವು. ನೇತ್ರಾಣಿ ನಡುಗಡ್ಡೆಯ ಹತ್ತಿರ ಸಮುದ್ರದೊಳಗೆ ಇಳಿಸಿ ಮೀನು ತೋರಿಸುತ್ತಾರೆಂದು ಕೇಳಿ ನಮ್ಮ ಗಂಡಂದಿರು ಭಾರೀ ಹುರುಪಿನಿಂದ ಹೆಸರು ಬರೆಸಿದರು. ಮರುದಿನ ಮುಂಜಾನೆ ದೋಣಿ ದಂಡೆ ಬಿಟ್ಟು ಅರ್ಧ ತಾಸಾಗುವುದರೊಳಗೆ ಇಬ್ಬರಿಗೂ ವಾಂತಿ ಶುರುವಾಯಿತು. ನೋಡಲೆಂದು ಜೊತೆಗೆ ಬಂದಿದ್ದ ನಾವಿಬ್ಬರೂ ಅವರ ಬದಲಿಗೆ ಇಳಿದೆವು.

ನನಗೆ ಈಜು ಗೊತ್ತಿತ್ತು. ನನ್ನ ತವರು ಮಟಕಿ. ಅಲ್ಲಿ ನಮ್ಮ ಹೊಲದ ಬಾವಿಯಲ್ಲಿ ಅಪ್ಪ ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಕಲಿಸಿದ್ದ. ಹದಿಮೂರಕ್ಕೆ ಬಿದ್ದ ಮೇಲೆ ಅವ್ವ ಸಾಕು ಅಂದಳು, ಅಲ್ಲಿಗೆ ನಿಂತಿತು. ಸುಮಾರು ಮೂವತ್ತು ವರ್ಷ ನಾನು ಕೊಡದ ನೀರಿಗಿಂತ ಆಳವಾದ ನೀರಿಗೆ ಕೈ ಹಾಕಿರಲಿಲ್ಲ. ಅಂದು ಸಮುದ್ರದಲ್ಲಿ, ಕಲಿಸುವ ಹುಡುಗ ನನ್ನ ತೋಳು ಹಿಡಿದುಕೊಂಡಿದ್ದ. ಮೊದಲ ಎರಡು ನಿಮಿಷ ಕಿವಿ ಸಿಡಿಯುವಂತೆ ನೊಂದಿತು. ಮೂಗು ಹಿಡಿದು ಊದಿದೆ, ಕಿವಿ ಪಟ್ಟೆಂದು ಬಿಟ್ಟುಕೊಂಡಿತು. ಕೆಳಗೆ ನೋಡಿದರೆ ಬಂಡೆಯ ಮೇಲೆ ಬೆರಳುದ್ದದ ಒಂದು ಹುಳು, ಚಿಪ್ಪಿಲ್ಲದ ಬಸವನಹುಳುವಿನ ಜಾತಿಯದು. ನೇರಳೆ ಮೈ, ಅಂಚಿಗೆ ಹಳದಿ ಕಸೂತಿ. ದಿನವಿಡೀ ಗಾಜಿನಡಿ ಸಣ್ಣ ಜೀವಿಗಳನ್ನು ನೋಡುವುದೇ ನನ್ನ ಕೆಲಸ. ಆದರೆ ಬಣ್ಣ ಹಾಕದೆಯೇ ಇಷ್ಟು ಬಣ್ಣವಿರುವ ಒಂದನ್ನು ನಾನು ಕಂಡಿರಲಿಲ್ಲ. ಮೇಲೆ ಬಂದ ಕೂಡಲೇ ಗೆಳತಿಗೆ ಹೇಳಿದೆ, ಇದರ ಚಿತ್ರ ತೆಗೆಯಬೇಕು ಅಂತ. ಅವಳಿಗೂ ಅದೇ ಅನಿಸಿತ್ತಂತೆ, ಆಮೆ ನೋಡಿ.

ಆಮೇಲೆ ವರ್ಷಕ್ಕೊಂದು ಸಲ, ರಜೆ ಹೊಂದಿಸಿಕೊಂಡು, ಇಬ್ಬರೂ ಹೋಗತೊಡಗಿದೆವು. ನಾಲ್ಕು ದಿನದ ತರಬೇತಿ ಮುಗಿಸಿದೆವು. ಅವಳ ಅತ್ತೆ ಏನನ್ನುತ್ತಾರೋ ಎಂಬ ಭಯ ನನಗಿತ್ತು. ಆ ಹಿರಿಯರು ಮುಳುಗುವಾಗ ಹಾಕುವ ಕರಿ ರಬ್ಬರಿನ ದಿರಿಸನ್ನು ತರಿಸಿಕೊಂಡು, ತಿರುಗಿಸಿ ನೋಡಿ, ಕುತ್ತಿಗೆಯಿಂದ ಕಾಲ್ಬೆರಳಿನ ತನಕ ಮುಚ್ಚುತ್ತದೆ, ಮುಖಕ್ಕೂ ಕನ್ನಡಿ ಇದೆ, ಇನ್ನೇನು ಬೇಕು ಎಂದು ಒಪ್ಪಿಬಿಟ್ಟರಂತೆ.

ನೀರಿನಡಿ ಚಿತ್ರ ತೆಗೆಯುವುದು ಮುಳುಗುವುದಕ್ಕಿಂತ ಕಷ್ಟ. ನನ್ನ ಮೊದಲ ಇನ್ನೂರು ಚಿತ್ರಗಳೂ ಹಸಿರುನೀಲಿ ಮಸುಕು. ಆಳಕ್ಕೆ ಹೋದಂತೆ ಮೊದಲು ಕೆಂಪು ಮಾಯವಾಗುತ್ತದೆ, ಕುಂಕುಮವೂ ಬೂದಿಯಾಗಿ ಕಾಣುತ್ತದೆ. ಬಣ್ಣ ಬೇಕೆಂದರೆ ನಾವೇ ಬೆಳಕು ಒಯ್ಯಬೇಕು. ಬೆಳಕನ್ನು ಕ್ಯಾಮೆರಾದ ಮೇಲಿಂದಲೇ ನೇರ ಬಿಟ್ಟರೆ ನೀರಿನ ಕಣಗಳೆಲ್ಲ ಬೆಳಗಿ, ಗಿರಣಿಯಲ್ಲಿ ಹಿಟ್ಟು ಹಾರಿದಂತಾಗಿ, ಮೀನೇ ಕಾಣುವುದಿಲ್ಲ. ಕೈ ಚಾಚಿ ಪಕ್ಕದಿಂದ ಹಿಡಿಯಬೇಕು. ಇದನ್ನೆಲ್ಲ ನಾನು ಸಮುದ್ರದಲ್ಲಿ ಕಲಿತದ್ದಕ್ಕಿಂತ ಮಟಕಿಯ ಬಾವಿಯಲ್ಲಿ ಕಲಿತದ್ದೇ ಹೆಚ್ಚು. ಮುಳುಗುವುದನ್ನು ಬಿಟ್ಟುಬಿಟ್ಟ ಒಬ್ಬರಿಂದ ಹಳೆಯ ಸಿಲಿಂಡರ್, ಉಸಿರಿನ ನಳಿಗೆ, ಜಾಕೀಟು ಕೊಂಡಿದ್ದೆವು. ಕರಾವಳಿಗೆ ಹೋದಾಗ ಗಾಳಿ ತುಂಬಿಸಿಕೊಂಡು ಬಂದು, ವರ್ಷವಿಡೀ ಜಿಪುಣತನದಿಂದ ಬಳಸುತ್ತಿದ್ದೆವು. ಒಬ್ಬಳು ಇಳಿದರೆ ಇನ್ನೊಬ್ಬಳು ಮೇಲೆ ಹಗ್ಗ ಹಿಡಿದು ಕೂರುವುದು. ಒಂದು ಸಲ ಜಗ್ಗಿದರೆ ಎಲ್ಲ ಸರಿ, ಎರಡು ಸಲ ಜಗ್ಗಿದರೆ ಇನ್ನಷ್ಟು ಹಗ್ಗ ಬಿಡು, ಮೂರು ಸಲ ಜಗ್ಗಿದರೆ ಮೇಲೆ ಎಳೆ. ಲ್ಯಾಬಿನ ಗೋಡೆಗೆ ನಾನು ಐದು ಚಿತ್ರ ತೂಗುಹಾಕಿದ್ದೆ. ರಕ್ತ ಕೊಡಲು ಬಂದವರು ಸೂಜಿಯ ಕಡೆ ನೋಡದೆ ಅವನ್ನು ನೋಡುತ್ತಿದ್ದರು. ಹಾಗಾಗಿ ಸುತ್ತಲಿನ ಹಳ್ಳಿಗಳಲ್ಲಿ ನಾನು ನೀರಿನಡಿ ಫೋಟೋ ತೆಗೆಯುವ ಅಕ್ಕೋರು ಎಂದೇ ಹೆಸರಾಗಿಬಿಟ್ಟಿದ್ದೆ.

ಕಬ್ಬು ಕಡಿಯುವ ದಿನಗಳು. ಅಂದು ಭಾನುವಾರ, ಮುಂದಿನ ಪ್ರವಾಸಕ್ಕೆ ಸಾಮಾನು ಪರೀಕ್ಷಿಸಲೆಂದು ಗೆಳತಿ ಆಳಂದದಿಂದ ನಮ್ಮ ಮನೆಗೆ ಬಂದಿದ್ದಳು. ಇಬ್ಬರೂ ಅಂಗಳದಲ್ಲಿ ಕೂತು ಕ್ಯಾಮೆರಾ ಇಡುವ ಗಾಜಿನ ಪೆಟ್ಟಿಗೆಯ ರಬ್ಬರ್ ಉಂಗುರಕ್ಕೆ ಗ್ರೀಸ್ ಸವರುತ್ತಿದ್ದಾಗ ಫೋನ್ ಬಂತು. ಸಕ್ಕರೆ ಕಾಯಿಲೆಗೆ ಪ್ರತಿ ತಿಂಗಳು ಲ್ಯಾಬಿಗೆ ಬರುವ ಕರಜಗಿಯ ಒಬ್ಬ ರೈತ. ಅವನ ಅಣ್ಣನ ಹೆಂಡತಿ ಬೆಳಿಗ್ಗೆಯಿಂದ ಕಾಣುತ್ತಿಲ್ಲ, ಹೊಲದ ಬಾವಿಯ ಮೇಲೆ ಅವಳ ಚಪ್ಪಲಿ ಇವೆ, ಪಕ್ಕದಲ್ಲಿ ತುಂಬಿಟ್ಟ ಕೊಡ ಇದೆ ಎಂದ. ಈಜು ಬಲ್ಲವರು ಮುಳುಗಿ ನೋಡಿದರೂ ಆಳ ಹೆಚ್ಚು, ಕೆಳಗೆ ಕತ್ತಲೆ, ಉಸಿರು ಸಾಲುತ್ತಿಲ್ಲ. ಪೊಲೀಸರಿಗೂ ಅಗ್ನಿಶಾಮಕದವರಿಗೂ ಸುದ್ದಿ ಹೋಗಿದೆ, ಅವರು ಬರುತ್ತಿದ್ದಾರೆ. ಆದರೆ ಅಣ್ಣ ತಾನೇ ಹಾರುತ್ತೇನೆಂದು ಹಟ ಹಿಡಿದಿದ್ದಾನೆ, ಇಬ್ಬರು ಹಿಡಿದುಕೊಂಡು ಕೂತಿದ್ದಾರೆ. ಬನ್ನಿ ಎಂದು ಅವನು ಕೇಳಲೇ ಇಲ್ಲ.

ನಾನು ಫೋನ್ ಕೆಳಗಿಟ್ಟು ಗೆಳತಿಗೆ ಹೇಳಿದೆ. ನನ್ನ ಗಂಡ ಮೋಟಾರ್ ವೈಂಡಿಂಗ್ ಕೆಲಸದವರು, ಕರಜಗಿ ಕಡೆಯ ಬಾವಿಗಳೆಲ್ಲ ಅವರಿಗೆ ಗೊತ್ತು. ಅವರು ಜೀಪಿನ ಕೀಲಿ ತಂದರು. ಸಿಲಿಂಡರಿನಲ್ಲಿ ಮೂರನೆಯ ಒಂದು ಪಾಲು ಗಾಳಿ ಉಳಿದಿತ್ತು. ದಾರಿಯಲ್ಲಿ ಅರ್ಧ ತಾಸು ನಾನು ಕಿಟಕಿಯಾಚೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳನ್ನು ನೋಡುತ್ತ ಕೂತಿದ್ದೆ. ಮತ್ತೆ ಮತ್ತೆ ಗಾಳಿಯ ಮಾಪಕದ ಮುಳ್ಳಿನ ಕಡೆ ತಿರುಗುತ್ತಿದ್ದುದನ್ನು ಗೆಳತಿ ನೋಡಿದಳು.

"ನೋಡ್ ಬೇ, ಬ್ಯಾಡ ಅನಿಸಿದ್ರ ಈಗೇ ಹೇಳಿಬಿಡು," ಅಂದಳು. "ನಾ ಇಳೀತೇನಿ. ನಾ ದಿನಾ ನೋಡಾಕಿ."

ಆಸ್ಪತ್ರೆಯಲ್ಲಿ ಅವಳು ಸತ್ತವರನ್ನು ನೋಡಿದ್ದು ನಿಜ. ಆದರೆ ಬಾವಿಯ ನೀರಿನ ಅಭ್ಯಾಸ ನನಗೇ ಹೆಚ್ಚು, ಹಗ್ಗ ಹಿಡಿಯುವುದರಲ್ಲಿ ಅವಳ ಕೈ ಗಟ್ಟಿ. ನಾನೇ ಇಳಿಯುತ್ತೇನೆ ಎಂದೆ. ಹಾಗಾದರೆ ಕೇಳು ಎಂದು ಅವಳು ಮೆತ್ತಗೆ ಹೇಳಿಕೊಟ್ಟಳು: ಸಿಕ್ಕರೆ ಮುಟ್ಟಬೇಡ, ಎಳೆಯಬೇಡ, ಮೂರು ಸಲ ಜಗ್ಗು, ಮೇಲೆ ಬಾ. ಉಳಿದದ್ದು ಬೇರೆಯವರ ಕೆಲಸ.

ಕಲ್ಲು ಕಟ್ಟಿದ ದೊಡ್ಡ ತೆರೆದ ಬಾವಿ ಅದು, ಒಂದು ಬದಿಗೆ ಮೆಟ್ಟಿಲು. ಸುತ್ತ ಮೂವತ್ತು ನಲವತ್ತು ಜನ. ನನ್ನ ಗಂಡ ಮೊದಲು ಹೋಗಿ ಮೋಟಾರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರು. ಯಾರೋ ಆಗಲೇ ಪಾತಾಳಗರಡಿ, ಅಂದರೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ಜಾಲಾಡಿಸುತ್ತಿದ್ದರು. ಅದನ್ನು ಮೇಲೆತ್ತಲು ಹೇಳಿದೆವು. ಹೆಂಗಸಿನ ಗಂಡ ಮೇಲಿನ ಮೆಟ್ಟಿಲ ಮೇಲೆ ಕೂತಿದ್ದ. ಐವತ್ತೈದರ ಆಸುಪಾಸಿನ ಗಟ್ಟಿ ಆಳು, ಟವೆಲನ್ನು ಬಾಯಿಗೆ ಒತ್ತಿಕೊಂಡಿದ್ದ. ಏನಾಗಿತ್ತೆಂದು ಫೋನ್ ಮಾಡಿದ್ದ ತಮ್ಮ ಹೇಳಿದ. ಅತ್ತಿಗೆ ಕರುವಿನಿಂದ ಸಾಕಿದ ಎಮ್ಮೆಯನ್ನು ಅಣ್ಣ ಅವಳನ್ನು ಕೇಳದೆ ಮಾರಿದ್ದ, ಜೇವರ್ಗಿ ಕಡೆಯವರು ಹಿಂದಿನ ದಿನ ಒಯ್ದಿದ್ದರು. ಸಂಜೆಯಿಂದ ಅವಳು ಒಂದು ಮಾತು ಆಡಿರಲಿಲ್ಲ, ಊಟ ಮಾಡಿರಲಿಲ್ಲ. ಬೆಳಕು ಹರಿಯುವಾಗ ಕೊಡ ತೆಗೆದುಕೊಂಡು ಹೊಲಕ್ಕೆ ಹೋದವಳು ತಿರುಗಿ ಬರಲಿಲ್ಲ.

ಬೆಳಗಿನ ಹತ್ತೂವರೆಗೆ ನಾನು ನೀರಿಗೆ ಇಳಿದೆ.

ಮೊದಲ ಹತ್ತು ಅಡಿ ಹಸಿರು ಬೆಳಕು. ಅದರ ಕೆಳಗೆ ನೀರು ತಟ್ಟನೆ ತಣ್ಣಗಾಯಿತು, ಬೆಳಕು ಹೋಯಿತು. ಟಾರ್ಚನ್ನು ಕೈ ಚಾಚಿ ಪಕ್ಕಕ್ಕೆ ಹಿಡಿದೆ. ಮೂರು ನಾಲ್ಕು ಅಡಿ ದೂರ ಮಾತ್ರ ಕಾಣುತ್ತಿತ್ತು. ನನ್ನ ಉಸಿರಿನ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಸಮುದ್ರದಲ್ಲಿ ಪ್ರತಿ ಸಲ ಇಳಿಯುವಾಗಲೂ ಏನಾದರೂ ಕಾಣಲಿ ಎಂದು ಬೇಡಿಕೊಳ್ಳುತ್ತಿದ್ದವಳು ನಾನು. ಅಂದು ಏನೂ ಕಾಣದಿರಲಿ ಎಂದು ಬೇಡಿಕೊಳ್ಳುತ್ತ ಇಳಿದೆ. ಗೆಳತಿ ಮೇಲಿಂದ ಒಂದು ಸಲ ಜಗ್ಗಿದಳು. ನಾನೂ ಒಂದು ಸಲ ಜಗ್ಗಿದೆ.

ತಳದಲ್ಲಿ ಮೆತ್ತನೆ ಕೆಸರು. ಕಾಲು ತಾಗಿಸಿದರೆ ಎದ್ದು ಎಲ್ಲ ಮುಚ್ಚಿಬಿಡುತ್ತದೆಂದು ತಲೆ ಕೆಳಗಾಗಿ ತೇಲುತ್ತ ಗೋಡೆ ಹಿಡಿದು ಸುತ್ತತೊಡಗಿದೆ. ಒಂದು ಬಕೆಟ್ಟು, ಟೈರು, ಕಲ್ಲುಗಳು. ಅರ್ಧ ಸುತ್ತು ಮುಗಿದಾಗ ಬೆಳಕಿನ ಅಂಚಿಗೆ ಹಸಿರು ಬಟ್ಟೆ ಕಾಣಿಸಿತು. ಜರಿಯ ಅಂಚಿತ್ತು. ಬಟ್ಟೆ ನಿಧಾನವಾಗಿ ಅಲುಗುತ್ತಿತ್ತು.

ಅವಳು ಯಾವ ಬಣ್ಣದ ಸೀರೆ ಉಟ್ಟಿದ್ದಳೆಂದು ನಾನು ಕೇಳಿರಲಿಲ್ಲ.

ಎಷ್ಟು ಹೊತ್ತು ಅಲ್ಲೇ ನಿಂತೆನೋ ಗೊತ್ತಿಲ್ಲ. ಉಸಿರು ಏರಿತ್ತು, ಗುಳ್ಳೆಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಹೀಗೆಯೇ ಉಸಿರಾಡಿದರೆ ಗಾಳಿ ಮುಗಿಯುತ್ತದೆ ಎಂದು ನೆನಪಾಗಿ, ಬಿಡುವ ಉಸಿರನ್ನು ಉದ್ದ ಮಾಡಿದೆ. ಹತ್ತಿರ ಹೋದೆ. ಮುಟ್ಟಬೇಡ ಎಂದಿದ್ದಳು ಗೆಳತಿ. ಆದರೆ ಮುಟ್ಟದೆ ತಿಳಿಯುವಂತಿರಲಿಲ್ಲ. ಬಟ್ಟೆಯ ಒಳಗೆ ಕೈಯಿಟ್ಟೆ. ಗಟ್ಟಿಯಾಗಿ, ತಣ್ಣಗೆ, ದುಂಡಗೆ ಸಿಕ್ಕಿತು. ಕಬ್ಬಿಣ. ಮೋಟಾರಿನ ಪೈಪು. ಕಸ ಒಳಗೆ ಹೋಗದಿರಲೆಂದು ಪೈಪಿನ ಬಾಯಿಗೆ ಯಾರೋ ಯಾವ ಕಾಲದಲ್ಲೋ ಹಳೆ ಸೀರೆ ಸುತ್ತಿದ್ದರು. ನಾನು ಆ ಪೈಪನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದುಕೊಂಡೆ. ಮುಖದ ಕನ್ನಡಿಯೊಳಗೆ ಕಣ್ಣೀರು ತುಂಬಿತು.

ಉಳಿದ ಅರ್ಧ ಸುತ್ತು ಮುಗಿಸಿದೆ, ನಡುವಿನ ಜಾಗವನ್ನೂ ಅಡ್ಡಡ್ಡ ನೋಡಿದೆ. ಯಾರೂ ಇರಲಿಲ್ಲ. ಮೇಲೆ ಬಂದು ಹಾಗೆಯೇ ಹೇಳಿದೆ. ಜನ ಹೋ ಎಂದು ಉಸಿರು ಬಿಟ್ಟರು. ಆದರೆ ಅವಳ ಗಂಡ ಹಿಡಿದಿದ್ದ ಇಬ್ಬರನ್ನೂ ಎಳೆದುಕೊಂಡೇ ಮೆಟ್ಟಿಲಿಳಿದು ನೀರಿನ ತನಕ ಬಂದ.

"ಕೆಸರ್ನ್ಯಾಗ ಹೂತಿದ್ರ ನಿಮಗ ಹ್ಯಾಂಗ ಕಾಣ್ತದ್ರಿ ಅಕ್ಕೋರೆ?" ಎಂದ. "ನೀವು ನನ್ನ ಸಮಾಧಾನಕ್ಕ ಹೇಳಾಕತ್ತೀರಿ."

ಅವನ ಮುಖ ನೋಡಿದ ಮೇಲೆ ಮಾತಿನಿಂದ ಆಗುವ ಕೆಲಸವಲ್ಲ ಅನಿಸಿತು. ಗೆಳತಿ ಗಾಳಿಯ ಮುಳ್ಳು ನೋಡಿದಳು. ಇನ್ನು ಹತ್ತು ನಿಮಿಷಕ್ಕೆ ಸಾಕು, ಅದಕ್ಕಿಂತ ಒಂದು ನಿಮಿಷ ಹೆಚ್ಚಾದರೂ ನಾನೇ ಎಳೆಯುತ್ತೇನೆ ಎಂದಳು. ಕ್ಯಾಮೆರಾ ಕೊಟ್ಟಳು. ನಾನು ಮತ್ತೆ ಇಳಿದೆ.

ಮೆಟ್ಟಿಲ ಬುಡದಿಂದ ಶುರುಮಾಡಿ ಒಂದೊಂದೇ ಮಾರು ಸರಿಯುತ್ತ, ಒಂದು ಚಿತ್ರದ ಅಂಚು ಮುಂದಿನದರಲ್ಲಿ ಬರುವಂತೆ ತೆಗೆದೆ. ಕೆಸರಿಗೆ ಕೈಯಿಟ್ಟು ಆಳ ನೋಡಿದೆ. ಮೊಣಕೈ ತನಕವೂ ಹೋಗಲಿಲ್ಲ, ಕೆಳಗೆ ಕಲ್ಲು ಸಿಕ್ಕಿತು. ನನ್ನ ಕೈ ಕೆಸರಿನಲ್ಲಿ ಇರುವುದನ್ನೂ ಒಂದು ಚಿತ್ರ ತೆಗೆದೆ, ಅವನಿಗೆ ತೋರಿಸಲೆಂದೇ. ಒಟ್ಟು ಹದಿನೇಳು. ಬಣ್ಣ, ಬೆಳಕು, ಚೌಕಟ್ಟು ಒಂದನ್ನೂ ನೋಡದೆ ತೆಗೆದವು. ಆದರೆ ನಾನು ಅದುವರೆಗೆ ತೆಗೆದ ಯಾವ ಚಿತ್ರಕ್ಕೂ ಅಷ್ಟು ಎಚ್ಚರ ವಹಿಸಿರಲಿಲ್ಲ.

ಮೆಟ್ಟಿಲ ಮೇಲೆ ಅವನ ಪಕ್ಕದಲ್ಲಿ ಕೂತು, ನೀರು ಸೋರುವ ದಿರಿಸಿನಲ್ಲೇ, ಒಂದೊಂದೇ ತೋರಿಸಿದೆ. ಗೆಳತಿ ಟವೆಲಿನಿಂದ ಕ್ಯಾಮೆರಾದ ಪರದೆಗೆ ನೆರಳು ಮಾಡಿದಳು. ಅವನು ಬೆರಳಿಟ್ಟು ನೋಡುತ್ತಿದ್ದ. ಇದು ಪೈಪು. ಇದು ನಮ್ಮ ಟೈರು. ಇದು ಏನು? ಕಲ್ಲು. ಹನ್ನೆರಡನೆಯದಕ್ಕೆ ಬಂದಾಗ ನಿಲ್ಲಿಸಿ ಎಂದ. ಗೋಡೆಯ ಬುಡದಲ್ಲಿ ಕೆಸರಿನಿಂದ ಅರ್ಧ ಮೇಲೆ ಕಾಣುವ ಹಿತ್ತಾಳೆಯ ಕೊಡ.

"ಈ ಕೊಡ ಬಾವ್ಯಾಗ ಬಿದ್ದದ ಅಂತ ಅಕಿ ಹೇಳಿದ್ಳು," ಎಂದ. "ನಾ ನಂಬಲಿಲ್ರಿ. ತವರಿಗಿ ಕೊಟ್ಟೀದಿ ಅಂತ ಬೈದಿದ್ದೆ."

ಅಲ್ಲಿಂದ ಮುಂದಿನ ಐದು ಚಿತ್ರಗಳನ್ನು ಅವನು ಅಳುತ್ತಲೇ ನೋಡಿದ. ಆದರೆ ಪೂರ್ತಿ ನೋಡಿದ. ಕೊನೆಗೆ ತಲೆಯಾಡಿಸಿ, ಅವಳು ಇಲ್ಲಿಲ್ಲ ಎಂದು ತಾನೇ ಎಲ್ಲರಿಗೂ ಹೇಳಿದ. ಅವನನ್ನು ಹಿಡಿದಿದ್ದ ಇಬ್ಬರು ಕೈ ಬಿಟ್ಟರು.

ಅಷ್ಟರಲ್ಲಿ ಪೊಲೀಸರು ಬಂದರು. ಎಲ್ಲೆಲ್ಲಿ ಹುಡುಕಬೇಕು, ಯಾವ ಊರಿಗೆ ಹೇಳಿ ಕಳಿಸಬೇಕು ಎಂಬ ಮಾತು ನಡೆದಾಗ, ತಮ್ಮನ ಹೆಂಡತಿ ಮನೆಯ ಕಡೆಯಿಂದ ಫೋನ್ ಹಿಡಿದು ಓಡಿಬಂದಳು. ಬೆಳಿಗ್ಗೆ ಗಡಿಬಿಡಿಯಲ್ಲಿ ಎಲ್ಲರೂ ಬಾವಿಗೆ ಬಂದಿದ್ದರಿಂದ ಅಣ್ಣನ ಫೋನ್ ಮನೆಯಲ್ಲೇ ಚಾರ್ಜಿಗೆ ಉಳಿದಿತ್ತು. ಗೊತ್ತಿಲ್ಲದ ನಂಬರಿನಿಂದ ಒಂಬತ್ತು ಸಲ ಕರೆ ಬಂದಿತ್ತು. ಹತ್ತನೆಯದು ಅವಳ ಕೈಯಲ್ಲೇ ರಿಂಗಾಗತೊಡಗಿತು. ತಮ್ಮ ಅದನ್ನು ಎತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ.

"ಎಷ್ಟೊತ್ತಿಂದ ಫೋನ್ ಹಚ್ಚಾಕತ್ತೇನಿ," ಎಂದಿತು ಹೆಂಗಸಿನ ದನಿ. "ಎಲ್ಲಿ ಸತ್ತೀರಿ ಎಲ್ಲಾರೂ?"

ಅವಳ ಗಂಡ ಫೋನ್ ತೆಗೆದುಕೊಳ್ಳಲು ಹೋಗಿ, ಆಗದೆ, ಮೆಟ್ಟಿಲ ಮೇಲೆ ಕುಸಿದು ಕೂತ. ಗೆಳತಿ ನನ್ನ ಒದ್ದೆ ಹೆಗಲಿಗೆ ಹಣೆ ಹಚ್ಚಿ ಉರ್ದುವಿನಲ್ಲಿ ಏನೋ ಅಂದಳು, ದೇವರ ಹೆಸರಿತ್ತು. ಜನರಲ್ಲಿ ಯಾರೋ ಮೊದಲು ನಕ್ಕರು. ಆಮೇಲೆ ಒಬ್ಬರಾದ ಮೇಲೊಬ್ಬರು, ಹೊಟ್ಟೆ ಹಿಡಿದು, ಪೊಲೀಸರೂ ಸೇರಿ ನಕ್ಕರು. ನನ್ನ ಗಂಡ ಮಾತ್ರ ಗಂಭೀರವಾಗಿ ಜೇಬಿನಿಂದ ಫ್ಯೂಸ್ ತೆಗೆದು ಹಾಕಲು ಹೋದರು.

ಅವಳು ಜೇವರ್ಗಿ ಕಡೆ ಹೋಗಿದ್ದಳು. ಮೊದಲ ಬಸ್ಸು ಹಿಡಿದು, ಎಮ್ಮೆ ಕೊಂಡವರ ಹಳ್ಳಿ ವಿಚಾರಿಸಿಕೊಂಡು ಹೋಗಿ, ಅವರ ಅಂಗಳದಲ್ಲಿ ಎಮ್ಮೆಯ ಪಕ್ಕ ಕೂತುಬಿಟ್ಟಿದ್ದಳು. ಆ ಮನೆಯ ಹಿರಿಯ ಹೆಂಗಸು ಎಲ್ಲ ಕೇಳಿ, ಹೇಳದೆ ಮಾರಿದ ದನ ನಮಗೆ ಬೇಡ, ವಾಪಸ್ ಕಳಿಸಿ ಎಂದು ಮಗನಿಗೆ ಹೇಳಿದ್ದಳಂತೆ. ಅವರದೇ ಟಂಟಂ ಸರಕು ಗಾಡಿಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಎಮ್ಮೆಯೊಂದಿಗೆ ಬಂದಳು. ನಾವು ಹೊರಟಿದ್ದವರು ಅವಳನ್ನು ಕಣ್ಣಾರೆ ನೋಡದೆ ಹೋಗಲು ಮನಸ್ಸಾಗದೆ ಉಳಿದಿದ್ದೆವು.

ಗಿಡ್ಡ ಹೆಂಗಸು, ಕಾಲಲ್ಲಿ ಹೊಸ ಚಪ್ಪಲಿ. ಬಾವಿಯ ಮೇಲಿನವು ಹರಿದಿದ್ದರಿಂದ ಅಲ್ಲಿಯೇ ಬಿಟ್ಟು, ಕಾಲು ತೊಳೆದು, ಚೀಲದಲ್ಲಿದ್ದ ಹೊಸವನ್ನು ಹಾಕಿಕೊಂಡು ಹೋಗಿದ್ದಳು. ಹೊಲದಿಂದ ತಿರುಗಿ ಬರುವವರು ಯಾರಾದರೂ ಕೊಡ ಒಯ್ಯುತ್ತಾರೆಂದು ತುಂಬಿಟ್ಟಿದ್ದಳು. ಇಷ್ಟೆಲ್ಲ ಆಯಿತೆಂದು ತಿಳಿದಾಗ ಅವಳು ನಮ್ಮನ್ನು, ಸಿಲಿಂಡರನ್ನು, ಗಂಡನನ್ನು ಒಂದು ಸುತ್ತು ನೋಡಿದಳು.

"ನಾ ಯಾಕ ಬಾವಿಗಿ ಬೀಳ್ಲಿ?" ಅಂದಳು. "ಎಮ್ಮಿ ಮಾರಿದೋರು ಅವರು."

ಗಂಡ ಎಮ್ಮೆಯ ಹಗ್ಗ ಹಿಡಿದು ಕೊಟ್ಟಿಗೆಗೆ ಒಯ್ದು ಕಟ್ಟಿ, ಮೇವು ಹಾಕಿ ಬಂದ. ಅವಳು ನಮ್ಮನ್ನು ಹೋಗಗೊಡಲಿಲ್ಲ. ಒಲೆ ಹಚ್ಚಿ ರೊಟ್ಟಿ ಬಡಿದಳು, ಝುಣಕ ಮಾಡಿದಳು. ಬಡಿಯುವ ಸದ್ದಿನಲ್ಲಿ ಸಿಟ್ಟು ಇನ್ನೂ ಇತ್ತು. ಗಂಡ ಬಾಗಿಲ ಬಳಿ ಕೂತು ಉಳ್ಳಾಗಡ್ಡಿ ಹೆಚ್ಚಿದ. ನಾನು ನಾಲ್ಕು ರೊಟ್ಟಿ ತಿಂದೆ, ಗೆಳತಿ ಐದು. ಅಷ್ಟು ಹಸಿವು ನಮಗೆ ಯಾವ ಸಮುದ್ರದಲ್ಲೂ ಆಗಿರಲಿಲ್ಲ.

ಮರುದಿನ ಕರಾವಳಿಯಲ್ಲಿ ನಮಗೆ ಮುಳುಗಲು ಕಲಿಸಿದ ಗುರುವಿಗೆ ಫೋನ್ ಮಾಡಿ ಹೇಳಿದೆ. ಅವನು ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು. ಆದರೂ ಕಾಲು ತಾಸು ಬೈದ. ಒಬ್ಬಳೇ ಇಳಿದದ್ದು ತಪ್ಪು, ಕಡಿಮೆ ಗಾಳಿಯಲ್ಲಿ ಇಳಿದದ್ದು ತಪ್ಪು, ಹೆದರಿಕೆಯಿಟ್ಟುಕೊಂಡು ಇಳಿದದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ಅವನು ಹೇಳಿದ್ದೆಲ್ಲ ಸರಿಯಾಗಿತ್ತು. ಕೊನೆಗೆ ತಣ್ಣಗಾಗಿ, ಆ ಹೆಂಗಸು ಹೇಗಿದ್ದಾಳೆ ಎಂದು ಕೇಳಿದ.

ಎಲ್ಲ ಸುಖವಾಗಿ ಮುಗಿದರೂ ನನ್ನೊಳಗೆ ಒಂದು ಉಳಿದುಕೊಂಡಿತ್ತು. ಹಸಿರು ಬಟ್ಟೆ ಅಲುಗಿದ ಆ ಒಂದು ಗಳಿಗೆ. ಮುಂದಿನ ತಿಂಗಳುಗಳಲ್ಲಿ ಮಟಕಿಗೆ ಎರಡು ಸಲ ಹೋದರೂ ಬಾವಿಯ ಹತ್ತಿರ ಸುಳಿಯಲಿಲ್ಲ. ಆ ವರ್ಷದ ಪ್ರವಾಸವನ್ನು ಏನೇನೋ ನೆಪ ಹೇಳಿ ಮುಂದಕ್ಕೆ ಹಾಕಿದೆ. ಗೆಳತಿಗೆ ತಿಳಿಯಿತು, ಆದರೆ ಕೆದಕಲಿಲ್ಲ. ಮಳೆಗಾಲ ಕಳೆದ ಮೇಲೆ ತಾನೇ ಎರಡೂ ಟಿಕೆಟ್ ತೆಗೆಸಿ, ಬರದಿದ್ದರೆ ಆ ಕರಿ ದಿರಿಸು ಹಾಕಿಸಿ ಅತ್ತೆಯನ್ನೇ ಕರೆದುಕೊಂಡು ಹೋಗುತ್ತೇನೆ ಎಂದು ಹೆದರಿಸಿದಳು.

ನೇತ್ರಾಣಿಯಲ್ಲಿ ಅಂದು ನೀರು ತಿಳಿಯಾಗಿತ್ತು. ಲಂಗರಿನ ಹಗ್ಗ ಹಿಡಿದು ಇಳಿಯುವಾಗ ನನಗೆ ಕೆಳಗೆ ನೋಡಲಾಗಲಿಲ್ಲ. ಅರ್ಧದಾರಿಯಲ್ಲಿ ನಿಂತುಬಿಟ್ಟೆ. ಗೆಳತಿ ನನ್ನ ಎದುರಿಗೆ ಬಂದು, ನನ್ನ ಎರಡೂ ಮಣಿಕಟ್ಟು ಹಿಡಿದು, ತನ್ನ ಉಸಿರಿನ ಲೆಕ್ಕಕ್ಕೆ ನನ್ನ ಉಸಿರು ಬರುವ ತನಕ ಕಾದಳು. ಒಂದೈದು ನಿಮಿಷವಾಗಿರಬೇಕು. ಆಮೇಲೆ ಗದ್ದದಿಂದ ಕೆಳಗೆ ತೋರಿಸಿದಳು.

ನಾನು ನೋಡಿದೆ. ತಳದ ತನಕ ಎಲ್ಲವೂ ಕಾಣುತ್ತಿತ್ತು. ಬಂಡೆ, ಮರಳು, ಅದರ ಮೇಲೆ ನಮ್ಮಿಬ್ಬರ ನೆರಳು, ನೆರಳಿನೊಳಗೆ ಹಾದುಹೋಗುವ ಹಳದಿ ಮೀನಿನ ಹಿಂಡು. ನಾನು ಅವಳ ಕೈ ಬಿಡಿಸಿಕೊಂಡು, ಕ್ಯಾಮೆರಾದ ದೀಪ ಹಾಕಿ, ಕೆಳಗಿಳಿದೆ.